ಗೆರೆ ಹಸಿರಾಗುವ ಹೊತ್ತು

ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವವರಿಗೆ ದಿನಕ್ಕೆ ಹತ್ತಾರು ಸಲ ಸಿಗುವ ಒಂದು ಸಣ್ಣ ಸುಖವಿದೆ. ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್ ತೆರೆದು ಸ್ಕೆಚ್ ಹಾಕುತ್ತಿದ್ದೀರಿ ಅನ್ನಿ. ಗೆರೆಗಳೆಲ್ಲ ಬಿಳಿ. ಯಾವುದನ್ನು ಮೌಸಿನಲ್ಲಿ ಹಿಡಿದೆಳೆದರೂ ಎಳೆದತ್ತ ಬರುತ್ತದೆ. ಈ ತುದಿ ಆ ತುದಿಗೆ ಸೇರಲಿ ಅನ್ನುತ್ತೀರಿ. ಈ ಗೆರೆ ಅಡ್ಡ, ಆ ಗೆರೆ ನೆಟ್ಟಗೆ ಅನ್ನುತ್ತೀರಿ. ಇವೆರಡೂ ಒಂದೇ ಉದ್ದ ಅನ್ನುತ್ತೀರಿ. ಕೊನೆಗೆ ಒಂದೇ ಒಂದು ಅಳತೆ ಕೊಟ್ಟು ಎಂಟರ್ ಒತ್ತಿದ ಕೂಡಲೇ ಇಡೀ ಚಿತ್ರ ಒಟ್ಟಿಗೆ ಹಸಿರಾಗುತ್ತದೆ. ಇನ್ನು ಎಷ್ಟು ಎಳೆದರೂ ಕೂದಲೆಳೆಯಷ್ಟೂ ಅಲುಗದು. ಸಾಲಿಡ್‌ವರ್ಕ್ಸ್‌ನಲ್ಲಿ ಇದೇ ಗಳಿಗೆಗೆ ನೀಲಿ ಗೆರೆ ಕಪ್ಪಾಗುತ್ತದೆ. ಬಣ್ಣ ಯಾವುದಾದರೇನು, ಚಿತ್ರ ತನ್ನ ಕಾಲ ಮೇಲೆ ತಾನು ನಿಂತಿತು ಎಂಬುದರ ಗುರುತು ಅದು.

ಕೆಲಸ ಮುಗಿಸುವ ಅವಸರದಲ್ಲಿ ಈ ಗಳಿಗೆಯನ್ನು ಹಾದುಹೋಗುವವರೇ ಹೆಚ್ಚು. ನನಗೆ ಅಲ್ಲಿ ತುಸು ನಿಲ್ಲಬೇಕೆನಿಸುತ್ತದೆ. ಒಂದು ಕಡೆ ಹಂಪಿ, ಇನ್ನೊಂದು ಕಡೆ ತುಂಗಭದ್ರಾ ಡ್ಯಾಂ, ಬೆನ್ನಿಗೆ ಸಂಡೂರಿನ ಗುಡ್ಡ ಇರುವ ಹೊಸಪೇಟೆಯಲ್ಲಿ ಕೂತು ಈ ಕೆಲಸ ಮಾಡುವವರಿಗೆ, ಹೀಗೆ ಷರತ್ತು ಹಾಕಿ ಗೆರೆಗಳನ್ನು ಬಿಗಿಯುವ ಕನ್‌ಸ್ಟ್ರೇಂಟ್ ಎಂಬ ಈ ವಿದ್ಯೆ ಪರದೆಯ ಮೇಲೆ ಮಾತ್ರ ಇದೆ ಎಂದು ಅನಿಸುವುದೇ ಇಲ್ಲ. ಹೊರಗೆ ಹೋದರೆ ಕಲ್ಲಿನಲ್ಲಿ, ನೀರಿನಲ್ಲಿ, ಬಟ್ಟೆಯಲ್ಲಿ ಅದೇ ಕಾಣುತ್ತದೆ.

ಲೆಕ್ಕ ಬಿಡಿಸಿ ನೋಡಿದರೆ ಇದರ ಚೆಲುವು ಇನ್ನೂ ಹತ್ತಿರವಾಗುತ್ತದೆ. ಹಾಳೆಯ ಮೇಲೆ ಒಂದು ಬಿಂದುವಿಗೆ ಎರಡು ಸ್ವಾತಂತ್ರ್ಯ: ಎಡಬಲಕ್ಕೆ ಸರಿಯುವುದು, ಮೇಲೆಕೆಳಗೆ ಸರಿಯುವುದು. ಗೆರೆಗೆ ಎರಡು ತುದಿ, ಹಾಗಾಗಿ ನಾಲ್ಕು. ವೃತ್ತಕ್ಕೆ ಮೂರು: ಕೇಂದ್ರದ್ದು ಎರಡು, ತ್ರಿಜ್ಯದ್ದು ಒಂದು. ನಾಲ್ಕು ಗೆರೆಗಳನ್ನು ಅಡ್ಡಾದಿಡ್ಡಿ ಎಳೆದುಬಿಟ್ಟರೆ ಒಟ್ಟು 16 ಸ್ವಾತಂತ್ರ್ಯ. ನಾಲ್ಕು ಮೂಲೆ ಕೂಡಿಸಿದರೆ ಒಂದೊಂದು ಮೂಲೆಯೂ ಎರಡೆರಡನ್ನು ನುಂಗುತ್ತದೆ, ಉಳಿದದ್ದು 8. ಎರಡು ಗೆರೆ ಅಡ್ಡ, ಎರಡು ಗೆರೆ ಲಂಬ ಎಂದರೆ 4. ಎದುರುಬದುರಿನ ಎರಡು ಮೂಲೆ ಮೂಲಬಿಂದುವಿನಿಂದ ಆಚೀಚೆ ಸಮನಾಗಿರಲಿ ಎಂದರೆ 2. ಅಕ್ಕಪಕ್ಕದ ಬಾಹುಗಳು ಸಮ ಎಂದರೆ 1.

ಈ ಒಂದು ಉಳಿದ ಹಂತ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಮೂಲೆ ಹಿಡಿದೆಳೆಯಿರಿ. ಚೌಕ ನಡುವಿನಿಂದ ಅರಳುತ್ತದೆ, ಬಿಟ್ಟರೆ ಮುದುಡುತ್ತದೆ, ಚೌಕತನವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಇನ್ನೂ ಒಂದು ಅಂಕಿಯನ್ನೂ ಟೈಪ್ ಮಾಡಿಲ್ಲ, ಆದರೂ ಆ ಆಕಾರದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಆಗಿದೆ. ಎಷ್ಟು ದೊಡ್ಡದು ಎಂಬುದೊಂದು ಬಾಕಿ. ಅದನ್ನೂ ಹೇಳಿದರೆ ಸೊನ್ನೆ, ಹಸಿರು.

ಹಂಪಿಯ ಅರಮನೆ ಆವರಣದಲ್ಲಿ ಇಂಥದೇ ಒಂದು ಚೌಕವಿದೆ. ಮಹಾನವಮಿ ದಿಬ್ಬದಿಂದ ತುಸು ದೂರದ ಮೆಟ್ಟಿಲು ಪುಷ್ಕರಣಿ. ಮಣ್ಣಿನಡಿ ಹೂತುಹೋಗಿದ್ದ ಅದು 1980ರ ದಶಕದ ಉತ್ಖನನದಲ್ಲಿ ಹೊರಬಂತು. ಸುತ್ತಲಿನ ಹೆಚ್ಚಿನ ಕಟ್ಟಡಗಳು ಇಲ್ಲಿನ ಕಣಶಿಲೆಯವು, ಇದು ನಯವಾದ ಕಪ್ಪು ಕಲ್ಲಿನದು. ಐದು ಅಂತಸ್ತಿನಲ್ಲಿ ಚೌಕದೊಳಗೆ ಚೌಕವಾಗಿ ಇಳಿಯುತ್ತದೆ. ಪ್ರತಿ ಅಂತಸ್ತಿನ ಅಂಚಿಗೂ ಪುಟ್ಟ ಗೋಪುರದಂತೆ ಎರಡೂ ಕಡೆಯಿಂದ ಏರಿಳಿಯುವ ಮೆಟ್ಟಿಲ ಗೊಂಚಲುಗಳು, ಅವೂ ಒಂದರ ಪಕ್ಕ ಒಂದು ಸಮನಾದ ಅಂತರದಲ್ಲಿ. ಬಿಸಿಲು ಓರೆಯಾದಾಗ ನೋಡಿದರೆ ನೆರಳಿನ ತ್ರಿಕೋನಗಳು ಸಾಲಾಗಿ ಮೂಡುತ್ತವೆ. ಪ್ರವಾಸಿಗರು ಫೋಟೋ ತೆಗೆಯುವುದು ಇದನ್ನೇ.

ಅದಕ್ಕಿಂತ ದೊಡ್ಡ ಸೊಗಸು ಕಲ್ಲುಗಳ ಮೈಮೇಲೆ ಇದೆ. ಹತ್ತಿರ ಬಾಗಿ ನೋಡಿದರೆ ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಗುರುತುಗಳು, ಅಕ್ಷರಗಳು. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಆ ಸಾಲಿನಲ್ಲಿ ಅದರ ಜಾಗ ಯಾವುದು ಎಂದು ಕೆತ್ತಿದ ಗುರುತುಗಳವು. ಬೇರೆಡೆ ಕಡೆದು ಸಿದ್ಧಮಾಡಿ, ಇಲ್ಲಿಗೆ ತಂದು ಜೋಡಿಸಿದ ಪುಷ್ಕರಣಿ ಇದು ಎಂಬುದಕ್ಕೆ ಇವೇ ಸಾಕ್ಷಿ. ಈ ಗುರುತುಗಳು ಕಲ್ಲಿನ ಉದ್ದಗಲವನ್ನು ಹೇಳುವುದಿಲ್ಲ. ನಿನ್ನ ನೆರೆ ಯಾರು, ನೀನು ಯಾವ ಪಂಕ್ತಿ, ಯಾವ ಮಗ್ಗುಲು ಎಂದು ಹೇಳುತ್ತವೆ. ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನ ಡ್ರಾಯಿಂಗಿನಲ್ಲಿ, ಒಂದು ಬಿಡಿಭಾಗದ ಮುಖವನ್ನು ಇನ್ನೊಂದರ ಮುಖಕ್ಕೆ ಕೂಡಿಸುವಾಗ ನಾವು ಹಾಕುವ ಕನ್‌ಸ್ಟ್ರೇಂಟ್ ಕೂಡ ಇಷ್ಟನ್ನೇ ಹೇಳುತ್ತದೆ. ಅಳತೆಯನ್ನು ಕಲ್ಲು ತಾನೇ ಹೊತ್ತಿದೆ; ಸಂಬಂಧವನ್ನು ಮಾತ್ರ ಬರೆದಿಡಬೇಕು, ಇಲ್ಲವಾದರೆ ಗಾಡಿಯಿಂದ ಇಳಿಸಿದ ಮೇಲೆ ಅದು ಬರೀ ಕಲ್ಲಿನ ರಾಶಿ. ಆ ಕೆಲಸದವರು ಇದನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂದು ನೆನೆದಾಗ ಮನಸ್ಸು ತುಂಬಿ ಬರುತ್ತದೆ.

ಇವತ್ತಿಗೂ ಊರಿನ ಗೌಂಡಿಗಳು ಪಾಯ ಹಾಕುವಾಗ ನೋಡಿ. ನಾಲ್ಕು ಗೂಟ, ದಾರ. ಎದುರುಬದುರಿನ ಬಾಹುಗಳನ್ನು ಸಮ ಮಾಡಿಕೊಂಡು ಮೂಲೆಯಿಂದ ಮೂಲೆಗೆ ದಾರ ಹಿಡಿಯುತ್ತಾರೆ. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದಾಗ ಗಂಟು ಅಲ್ಲಿಗೇ ಬಂದರೆ ಮೂಲೆಗಳು ಸರಿಯಾಗಿವೆ, ಬರದಿದ್ದರೆ ಗೂಟ ಸರಿಸಬೇಕು. ಟೇಪು ಬೇಕಾಗಿಲ್ಲ, ಅಂಕಿ ಬೇಕಾಗಿಲ್ಲ. ಕರ್ಣಗಳು ಸಮ ಎಂಬ ಒಂದೇ ಕಟ್ಟಿನಿಂದ ನಾಲ್ಕು ಲಂಬಕೋನ ಸಿಕ್ಕಿತು. ತೂಗುಗುಂಡು ಲಂಬದ ಕನ್‌ಸ್ಟ್ರೇಂಟ್, ರಸಮಟ್ಟ ಅಡ್ಡದ ಕನ್‌ಸ್ಟ್ರೇಂಟ್, ಮೂಲೆಮಟ್ಟ ಲಂಬಕೋನದ್ದು. ಸ್ಕೆಚರ್‌ನ ಟೂಲ್‌ಬಾರಿನಲ್ಲಿ ಸಾಲಾಗಿ ಕೂತ ಪುಟ್ಟ ಚಿತ್ರಗಳನ್ನು ಮೊದಲ ಸಲ ಕಂಡ ಗೌಂಡಿಯ ಮಗನಿಗೆ ಅವು ಏನೆಂದು ಬಿಡಿಸಿ ಹೇಳುವ ಕೆಲಸ ಅರ್ಧ ಕಡಿಮೆ.

ಕಂಪ್ಯೂಟರಿಗೆ ಈ ವಿದ್ಯೆ ಬಂದದ್ದು 1963ರಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ಯುವಕ ಪಿಎಚ್.ಡಿ.ಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದರು. ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2 ಎಂಬ ಕೋಣೆಗಾತ್ರದ ಯಂತ್ರ, ಪರದೆಯ ಮೇಲೆ ಆಡಿಸುವ ಬೆಳಕಿನ ಪೆನ್ನು. ಪರದೆಯ ಮೇಲೆ ಗೆರೆ ಎಳೆದರೆ ಮೂಡಿತು ಎಂಬುದೇ ಆಗಿನ ಕಾಲಕ್ಕೆ ದೊಡ್ಡದು. ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಪ್ರಬಂಧದ ಮೊದಲ ಉದಾಹರಣೆಯೇ ನೋಡಬೇಕಾದದ್ದು. ಸೊಟ್ಟಪಟ್ಟ ಆರು ಗೆರೆಗಳಿಂದ ಒಂದು ಮುಚ್ಚಿದ ಆಕೃತಿ ಬಿಡಿಸಿದರು. ಪಕ್ಕಕ್ಕೊಂದು ವೃತ್ತ. ಆರೂ ಮೂಲೆಗಳು ವೃತ್ತದ ಮೇಲೆ ಕೂರಲಿ ಎಂದರು. ಆರೂ ಬಾಹುಗಳು ಸಮವಾಗಲಿ ಎಂದರು. ಸೊಟ್ಟ ಆಕೃತಿ ನೋಡನೋಡುತ್ತ ಮೈಮುರಿದು ಅಚ್ಚುಕಟ್ಟಾದ ಷಡ್ಭುಜವಾಯಿತು. ವೃತ್ತದ ಕೆಲಸ ಮುಗಿದಿತ್ತು, ಅದನ್ನು ಅಳಿಸಿದರು. 60 ಡಿಗ್ರಿ ಎಂಬ ಮಾತನ್ನೇ ಯಾರೂ ಆಡಿರಲಿಲ್ಲ.

ಯಾವುದೇ ಕ್ಯಾಡ್‌ನಲ್ಲಿ ನೀವು ಈಗಲೂ ಇದನ್ನು ಮಾಡಬಹುದು. ಬೋಲ್ಟಿನ ತಲೆ ಬಿಡಿಸಲು ಬಹುಭುಜದ ರೆಡಿಮೇಡ್ ಟೂಲ್ ಇದ್ದರೂ ಕಲಿಯುವವರಿಗೆ ಒಮ್ಮೆಯಾದರೂ ಈ ದಾರಿಯಲ್ಲೇ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ಸದರ್‌ಲ್ಯಾಂಡ್‌ರಿಗೆ 1988ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಕಲ್ಪನೆ ಕಾರ್ಖಾನೆಗಳ ಟೇಬಲ್ಲಿಗೆ ಇಳಿಯಲು ಕಾಲು ಶತಮಾನ ಹಿಡಿಯಿತು. 1980ರ ದಶಕದ ಕೊನೆಗೆ ಪ್ರೊ-ಎಂಜಿನಿಯರ್, 1995ರಲ್ಲಿ ಸಾಲಿಡ್‌ವರ್ಕ್ಸ್. ಎಲ್ಲರ ಕೈಯಲ್ಲಿದ್ದ ಆಟೋಕ್ಯಾಡ್‌ಗೆ ಇದು ಬಂದದ್ದು 2010ರ ಆವೃತ್ತಿಯಲ್ಲಿ. ನಮ್ಮ ವಿ.ಟಿ.ಯು. ಕಾಲೇಜುಗಳಲ್ಲಿ ಎಷ್ಟೋ ಕಡೆ ಮೊದಲ ವರ್ಷದ ಡ್ರಾಯಿಂಗ್ ಲ್ಯಾಬಿನಲ್ಲಿ ಮಕ್ಕಳು ಸಾಲಿಡ್ ಎಡ್ಜ್ ಮೂಲಕ ಇದನ್ನು ಮೊದಲು ಕಾಣುತ್ತಾರೆ.

ಈ ವಿದ್ಯೆಯ ಅತಿ ಸೂಕ್ಷ್ಮವಾದ ಜಾಗ ಬೇರೆ ಇದೆ. ಅದನ್ನು ಸವಿಯಲು ಅಕ್ಕಿ ಗಿರಣಿಯ ಬೆಲ್ಟು ಒಳ್ಳೆಯ ಉದಾಹರಣೆ. ಕಂಪ್ಲಿ, ಗಂಗಾವತಿ ಕಡೆ ಭತ್ತದ ಸೀಮೆಯಲ್ಲಿ ಬೆಳೆದವರಿಗೆ ಎರಡು ಪುಲ್ಲಿ, ನಡುವೆ ಓಡುವ ಬೆಲ್ಟು ಕಣ್ಣಿಗೆ ಕಟ್ಟಿದ ಚಿತ್ರ. ಸ್ಕೆಚ್‌ನಲ್ಲಿ ಎರಡು ವೃತ್ತ ಹಾಕಿ, ಎರಡರ ಕೇಂದ್ರವನ್ನೂ ತ್ರಿಜ್ಯವನ್ನೂ ಗೊತ್ತು ಮಾಡಿಬಿಡಿ. ಈಗ ಒಂದು ಗೆರೆ ಎಳೆಯಿರಿ. ಅದರ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದೊಂದು ತುದಿ ಒಂದೊಂದು ವೃತ್ತದ ಮೇಲೆ ಕೂತಾಗ ಎರಡು ಹೋದವು. ಗೆರೆ ಎರಡೂ ವೃತ್ತಗಳನ್ನು ಸವರಿಕೊಂಡು ಹೋಗಲಿ, ಅಂದರೆ ಸ್ಪರ್ಶಕವಾಗಿರಲಿ ಎಂದಾಗ ಇನ್ನೆರಡು. ಲೆಕ್ಕಕ್ಕೆ ಸೊನ್ನೆ. ಗೆರೆ ಹಸಿರು. ಆದರೆ ಇದಕ್ಕೆ ಉತ್ತರ ಒಂದಲ್ಲ, ನಾಲ್ಕು! ಮೇಲಿನಿಂದ ಹೋಗುವ ಬೆಲ್ಟು, ಕೆಳಗಿನಿಂದ ಹೋಗುವ ಬೆಲ್ಟು, ನಡುವೆ ಅಡ್ಡ ಹಾಯುವ ಎರಡು ಬಗೆ. ನೇರ ಬೆಲ್ಟಿನಲ್ಲಿ ಎರಡು ಪುಲ್ಲಿಯೂ ಒಂದೇ ಕಡೆ ತಿರುಗುತ್ತವೆ, ಅಡ್ಡ ಬೆಲ್ಟಿನಲ್ಲಿ ಎದುರುಬದುರಾಗಿ. ಒಂದು ಉತ್ತರ ತಪ್ಪಿದರೆ ಯಂತ್ರವೇ ಹಿಂದುಮುಂದು.

ಹಾಗಾದರೆ ಸಾಫ್ಟ್‌ವೇರ್ ನಾಲ್ಕರಲ್ಲಿ ಯಾವುದನ್ನು ಆರಿಸುತ್ತದೆ? ನೀವು ಮೊದಲು ಒರಟಾಗಿ ಎಳೆದ ಗೆರೆ ಯಾವುದಕ್ಕೆ ಹತ್ತಿರವಿತ್ತೋ ಸಾಮಾನ್ಯವಾಗಿ ಅದನ್ನು. ಒಳಗೆ ನಡೆಯುವುದು ಸಮೀಕರಣ ಬಿಡಿಸುವ ಕೆಲಸ. ಪ್ರತಿ ಕನ್‌ಸ್ಟ್ರೇಂಟೂ ಒಂದು ಸಮೀಕರಣ. ಸಾಲ್ವರ್ ಎಂಬ ಭಾಗ ನೀವು ಕೊಟ್ಟ ಒರಟು ಚಿತ್ರದಿಂದ ಹೊರಟು, ತಪ್ಪು ಕಡಿಮೆಯಾಗುವ ದಿಕ್ಕಿಗೆ ಹೆಜ್ಜೆ ಹೆಜ್ಜೆಯಾಗಿ ನಡೆದು, ಎಲ್ಲ ಸಮೀಕರಣಗಳೂ ಒಪ್ಪುವ ಜಾಗ ಸಿಕ್ಕಾಗ ನಿಲ್ಲುತ್ತದೆ. ಎಲ್ಲಿಂದ ಹೊರಟಿತು ಎಂಬುದರ ಮೇಲೆ ಎಲ್ಲಿ ಮುಟ್ಟಿತು ಎಂಬುದು ನಿಂತಿದೆ. ಅಂದರೆ ಆ ಮೊದಲ ಅಂದಾಜಿನ ಗೆರೆ ವ್ಯರ್ಥವಲ್ಲ. ಕೈಯ ಅಂದಾಜಿಗೂ ಲೆಕ್ಕದ ಕರಾರುವಾಕ್ಕಿಗೂ ನಡುವೆ ಇಷ್ಟು ಸೌಜನ್ಯದ ಒಪ್ಪಂದವನ್ನು ನಾನು ಬೇರೆ ಯಾವ ಸಲಕರಣೆಯಲ್ಲೂ ಕಂಡಿಲ್ಲ. ಉದ್ದೇಶ ನಿಮ್ಮದು, ನಿಖರತೆ ಅದರದು. ನುರಿತವರು ಸ್ಕೆಚ್ ಹಾಕುವಾಗ ಮೊದಲ ಗೆರೆಯನ್ನೇ ಆದಷ್ಟು ಸರಿಯಾದ ರೂಪಕ್ಕೆ ಹತ್ತಿರ ಎಳೆಯುವುದು ಈ ಕಾರಣಕ್ಕೇ.

ಹಸಿರಿನ ಜೊತೆಗೆ ಕೆಂಪೂ ಒಂದು ಬಣ್ಣವಿದೆ. ಎರಡು ಗೆರೆಗಳನ್ನು ಅಡ್ಡ ಎಂದು ಹೇಳಿಯಾದ ಮೇಲೆ, ಅವು ಸಮಾಂತರ ಎಂದೂ ಹೇಳಲು ಹೊರಟರೆ ಸಾಫ್ಟ್‌ವೇರ್ ತಡೆಯುತ್ತದೆ. ಹೇಳಿದ್ದನ್ನೇ ಹೇಳುತ್ತಿದ್ದೀರಿ, ಇದರಲ್ಲಿ ಒಂದನ್ನು ತೆಗೆಯಿರಿ ಎಂದು. ತ್ರಿಕೋನದ ಬಾಹುಗಳು 3, 4, 9 ಎಂದರೆ ಸಾಧ್ಯವೇ ಇಲ್ಲ ಎನ್ನುತ್ತದೆ. ಹೊಸಬರಿಗೆ ಈ ಕೆಂಪು ಕಂಡರೆ ಗಾಬರಿ. ನನಗೆ ಅದು ಗೌರವದ ಬಣ್ಣ. ಹಾಳೆಯ ಮೇಲಿನ ಡ್ರಾಯಿಂಗ್ ಎಂಥ ಸುಳ್ಳನ್ನೂ ಸುಮ್ಮನೆ ಹೊತ್ತುಕೊಳ್ಳುತ್ತಿತ್ತು. 3, 4, 9 ಎಂದು ಬರೆದ ತ್ರಿಕೋನವೂ ಅಚ್ಚಾಗಿ ವರ್ಕ್‌ಶಾಪಿಗೆ ಹೋಗುತ್ತಿತ್ತು, ತಪ್ಪು ಗೊತ್ತಾಗುತ್ತಿದ್ದುದು ತಗಡು ಕತ್ತರಿಸಿದ ಮೇಲೆ. ಎಷ್ಟು ಹೇಳಿದರೆ ಸಾಕು, ಎಷ್ಟು ಹೇಳಿದರೆ ಹೆಚ್ಚು ಎಂಬುದಕ್ಕೆ ಗಣಿತದಲ್ಲಿ ಚಂದದ ಉತ್ತರವಿದೆ. ತಗಡಿನ ಪಟ್ಟಿಗಳನ್ನು ಮೂಲೆಗಳಲ್ಲಿ ಮೊಳೆಯಿಂದ ಜೋಡಿಸಿ ಗೇಟಿನ ಚೌಕಟ್ಟು ಮಾಡಿದರೆ ಅದು ಓಲಾಡುತ್ತದೆ. ಒಂದು ಕರ್ಣದ ಪಟ್ಟಿ ಸೇರಿಸಿದರೆ ಬಿಗಿ. ಎರಡನೆಯ ಕರ್ಣ ಲೆಕ್ಕಕ್ಕೆ ಹೆಚ್ಚುವರಿ. ಸಮತಟ್ಟಿನಲ್ಲಿ ಕೀಲುಗಳ ಸಂಖ್ಯೆಯ ಎರಡರಷ್ಟರಲ್ಲಿ ಮೂರು ಕಳೆದರೆ ಬೇಕಾದ ಪಟ್ಟಿಗಳ ಲೆಕ್ಕ: ನಾಲ್ಕು ಕೀಲಿಗೆ ಐದು. ಪಟ್ಟಿಗಳು ಸರಿಯಾಗಿ ಹಂಚಿಕೊಂಡಿರಬೇಕು ಎಂಬ ಷರತ್ತೂ ಇದೆ. 1927ರಲ್ಲಿ ಹಿಲ್ಡಾ ಗೈರಿಂಗರ್, 1970ರಲ್ಲಿ ಡಚ್ ಗಣಿತಜ್ಞ ಲಾಮನ್ ಇದನ್ನು ಬೇರೆ ಬೇರೆಯಾಗಿ ಸಾಧಿಸಿದರು.

ಹಸಿರು ಎಂದರೆ ಎಲ್ಲವೂ ಸರಿ ಎಂದೂ ಅಲ್ಲ. ಫ್ರೀಕ್ಯಾಡ್‌ನಲ್ಲಿ ಬ್ಲಾಕ್ ಎಂಬ ಒಂದು ಕನ್‌ಸ್ಟ್ರೇಂಟ್ ಇದೆ, ಸಾಲಿಡ್‌ವರ್ಕ್ಸ್‌ನಲ್ಲಿ ಫಿಕ್ಸ್. ಗೆರೆ ಎಲ್ಲಿದೆಯೋ ಅಲ್ಲೇ ಹೆಪ್ಪುಗಟ್ಟಿಸುವುದು ಅದರ ಕೆಲಸ. ಅಗತ್ಯ ಬೀಳುವ ಸಂದರ್ಭಗಳಿವೆ, ಒಪ್ಪುತ್ತೇನೆ. ಆದರೆ ಸ್ಕೆಚ್ ಅಲುಗುತ್ತಿದೆ ಎಂದು ಬೇಸತ್ತು ಎಲ್ಲಕ್ಕೂ ಅದನ್ನೇ ಬಡಿದರೆ ಕಾರಣವಿಲ್ಲದ ಹಸಿರು ಬರುತ್ತದೆ. ಇಪ್ಪತ್ತು ಅಳತೆಗಳನ್ನು ಟೈಪ್ ಮಾಡಿ ಬಿಗಿದ ಚಿತ್ರವೂ ಅಷ್ಟೇ. ಗಿರಾಕಿ ಬಂದು ಅಗಲ ಎರಡು ಇಂಚು ಹೆಚ್ಚಾಗಲಿ ಎಂದ ದಿನ ಅದು ಮುರಿದು ಬೀಳುತ್ತದೆ. ತೂತುಗಳು ನಡುವಿನಿಂದ ಆಚೀಚೆ ಸಮ, ಕಿವಿಗಳು ಒಂದೇ ತ್ರಿಜ್ಯ, ಅಂಚು ಬಾಗಿಗೆ ಸ್ಪರ್ಶಕ ಎಂದು ಹೇಳಿ ಎರಡೇ ಅಂಕಿ ಕೊಟ್ಟ ಚಿತ್ರ, ಅಗಲ ಬದಲಾದರೆ ಉಳಿದದ್ದನ್ನೆಲ್ಲ ತಾನೇ ಸರಿಪಡಿಸಿಕೊಂಡು ನಿಲ್ಲುತ್ತದೆ. ಒಂದು ಸ್ಕೆಚ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಅದರ ಮುಖ್ಯ ಅಳತೆಯನ್ನು ಬದಲಿಸಿ ನೋಡುತ್ತೇನೆ. ರೂಪ ಕೆಡದೆ ಬೆಳೆದರೆ ಬಿಡಿಸಿದವರಿಗೆ ಆ ವಸ್ತು ಅರ್ಥವಾಗಿದೆ.

ಸ್ಕೆಚ್‌ನಲ್ಲಿ ಎಲ್ಲವನ್ನೂ ಬಿಗಿದರೂ, ಬಿಡಿಭಾಗಗಳನ್ನು ಜೋಡಿಸುವಾಗ ಎಲ್ಲ ಸ್ವಾತಂತ್ರ್ಯವನ್ನೂ ಕಸಿಯಬಾರದು, ಬೇಕಾದದ್ದನ್ನು ಉಳಿಸಬೇಕು. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ಈ ಕಣ್ಣಿನಿಂದ ನೋಡಬೇಕು. 2017ರಿಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಎಲ್ಲರ ಜೇಬಿನಲ್ಲಿರುವ ರಥ. ಚಕ್ರವೂ ಅಚ್ಚೂ ಏಕಕೇಂದ್ರ. ಚಕ್ರ ಮುಂದೆ ಸರಿಯದು, ಮೇಲೇಳದು, ಪಕ್ಕಕ್ಕೆ ವಾಲದು. ಉಳಿದದ್ದು ಒಂದೇ, ತಿರುಗುವುದು. ಕಲ್ಲಿನ ಕೆಲಸಗಾರರು ಆ ಒಂದನ್ನು ಬೇಕೆಂದೇ ಬಿಟ್ಟಿದ್ದರು, ಹಿಂದೆ ಆ ಚಕ್ರಗಳು ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಸವೆಯತೊಡಗಿದ ಮೇಲೆ ಸಿಮೆಂಟು ಹಾಕಿ ನಿಲ್ಲಿಸಿದರು. ಕಾಪಾಡಲು ಅದು ಬೇಕಾಗಿತ್ತು. ಆದರೂ ಆ ಚಕ್ರದ ಮುಂದೆ ನಿಂತಾಗ ನನ್ನ ಕಣ್ಣು ಹೂಬಳ್ಳಿಯ ಕೆತ್ತನೆಗಿಂತ ಮೊದಲು ಹೋಗುವುದು ಅಚ್ಚಿನ ಕಡೆಗೆ.

ಬೇಕಾದ ಸ್ವಾತಂತ್ರ್ಯವೊಂದನ್ನೇ ಉಳಿಸುವುದು ಎಂಬುದರ ದೊಡ್ಡ ಉದಾಹರಣೆ ನಮ್ಮ ಡ್ಯಾಮಿನ ಗೇಟು. ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಎರಡು ಬದಿಯ ಕಂಬಗಳ ತೋಡುಗಳಲ್ಲಿ ಮೇಲೆಕೆಳಗೆ ಮಾತ್ರ ಸರಿಯಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ, ಅಲ್ಲಿಂದಾಚೆ ಆಂಧ್ರ, ತೆಲಂಗಾಣದವರೆಗೆ ಒಂದು ಬೆಳೆಯ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸವಾಗಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವುದೆಂದು ತೀರ್ಮಾನವಾಯಿತು. 20 ಅಡಿಯ ಒಂದೇ ಗೇಟಿನ ಬದಲು, ತಲಾ 4 ಅಡಿ ಎತ್ತರದ ಐದು ಸಮನಾದ ತುಂಡುಗಳು. ತೋರಣಗಲ್ಲು ಮತ್ತು ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ ಹಗಲುರಾತ್ರಿ ಕೆಲಸ ನಡೆದು, 16ರಂದು ಮೊದಲ ತುಂಡು ಇಳಿಯಿತು, 17ರಂದು ಉಳಿದವೂ ಕೂತು ನೀರು ನಿಂತಿತು.

ಇದನ್ನು ಒಂದು ಸ್ಕೆಚ್ ಎಂದು ಓದಿ ನೋಡಿ. ಎರಡು ತೋಡುಗಳು ಸಮಾಂತರ. ಐದು ತುಂಡುಗಳೂ ಸಮ, ಹಾಗಾಗಿ ಒಂದರ ಡ್ರಾಯಿಂಗ್ ಸರಿಯಾದರೆ ಐದೂ ಸರಿ. ಒಂದರ ತಳ ಇನ್ನೊಂದರ ತಲೆಯ ಮೇಲೆ ಕೂರಬೇಕು. ಇಡೀ ಚಿತ್ರವನ್ನು ಆಳುವ ಅಂಕಿ ಒಂದೇ, ಕಂಬದಿಂದ ಕಂಬಕ್ಕಿರುವ ಅಗಲ. ಎಪ್ಪತ್ತು ವರ್ಷ ಹಳೆಯ ಕಟ್ಟಡ ಅದನ್ನು ಆಗಲೇ ನಿರ್ಧರಿಸಿಬಿಟ್ಟಿದೆ. ತುಂಡಿನ ಅಗಲ ಅದಕ್ಕೆ ಕರಾರುವಾಕ್ಕಾಗಿ ಸಮ ಎಂದು ಸ್ಕೆಚ್‌ನಲ್ಲಿ ಹೇಳಿದರೆ ಪರದೆಯ ಮೇಲೆ ಹಸಿರು ಬರುತ್ತದೆ, ನದಿಯಲ್ಲಿ ಮಾತ್ರ ತುಂಡು ತೋಡಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸರಿಯುವ ವಸ್ತುವಿಗೆ ಆಚೀಚೆ ತುಸು ಸಡಿಲ ಬೇಕು. ಆ ಸಡಿಲ ಎಷ್ಟು ಎಂಬುದನ್ನು ಯಾವ ಸಾಲ್ವರೂ ಹೇಳಿಕೊಡದು, ಅದು ಗೇಟುಗಳ ನಡುವೆ ಬಾಳಿದವರ ಅನುಭವ.

ಕಂಪ್ಲಿಯ ಕಡೆ ಹೋದರೆ ಗೆರೆಯನ್ನು ನೆಲವೇ ಬಿಡಿಸಿದ್ದನ್ನು ಕಾಣಬಹುದು. ವಿಜಯನಗರದ ಅರಸರ ಕಾಲದ ಕಾಲುವೆಗಳು, ರಾಯ, ಬಸವಣ್ಣ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ ಕಾಲುವೆಗಳು, ಇವತ್ತಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ನಕ್ಷೆಯಲ್ಲಿ ಅವು ಸುಮ್ಮನೆ ಡೊಂಕಾಗಿ ಅಲೆದಾಡಿದಂತೆ ಕಾಣುತ್ತವೆ. ಆ ಡೊಂಕಿನಲ್ಲಿ ಒಂದಂಗುಲವೂ ಇಷ್ಟಬಂದಂತೆ ಹಾಕಿದ್ದಲ್ಲ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಎಳ್ಳಷ್ಟು ತಗ್ಗಿನಲ್ಲಿರಬೇಕು. ಹೆಚ್ಚು ತಗ್ಗಾದರೆ ದಂಡೆ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು. ಬಂಡೆಗುಡ್ಡಗಳ ನಡುವೆ ಈ ಒಂದು ಷರತ್ತು ಹಿಡಿದು ಹೊರಟರೆ ದಾರಿ ತಾನಾಗಿ ಸಿಗುತ್ತದೆ.

ಇನ್ನು ಸಂಡೂರು. ಅಲ್ಲಿನ ಲಂಬಾಣಿ ಕಸೂತಿಗೆ 2010ರಿಂದ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಆ ಕಸೂತಿಯಲ್ಲಿ ಚೌಕ, ತ್ರಿಕೋನ, ವಜ್ರಾಕೃತಿಗಳದೇ ರಾಜ್ಯ. ಬಟ್ಟೆಯ ಹಾಸುಹೊಕ್ಕುಗಳೇ ಅಡ್ಡ ಮತ್ತು ಲಂಬದ ಗೆರೆಗಳನ್ನು ಒದಗಿಸಿಬಿಟ್ಟಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರೊಳಗಿನ ಕನ್ನಡಿ. ಹತ್ತಿರ ಹಿಡಿದು ನೋಡಿ. ಆ ಪುಟ್ಟ ಕನ್ನಡಿಗೆ ತೂತಿಲ್ಲ, ದಾರ ಪೋಣಿಸಲು ದಾರಿಯಿಲ್ಲ. ಅದನ್ನು ಬಟ್ಟೆಯ ಮೇಲಿಟ್ಟು, ಮೊದಲು ಮೇಲಿನಿಂದ ಅಡ್ಡಕ್ಕೆರಡು ಲಂಬಕ್ಕೆರಡು ದಾರ ಬಿಗಿಯಾಗಿ ಹಾಯಿಸುತ್ತಾರೆ, ವೃತ್ತದ ಮೇಲೆ ಒಂದು ಚೌಕ ಮೂಡುತ್ತದೆ. ಆಮೇಲೆ ಆ ಚೌಕದ ದಾರಗಳನ್ನೇ ಹಿಡಿದು, ಅಂಚಿನ ಬಟ್ಟೆಗೆ ಸುತ್ತಲೂ ಹೊಲಿಗೆ ಹಾಕುತ್ತ ಬರುತ್ತಾರೆ. ಒಂದೊಂದು ಹೊಲಿಗೆಯೂ ಚೌಕವನ್ನು ಹೊರಕ್ಕೆ ಎಳೆಯುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ಚೌಕ ಕರಗಿ ಉಂಗುರವಾಗಿರುತ್ತದೆ, ಕನ್ನಡಿ ನಡುವೆ ಫಳಫಳಿಸುತ್ತದೆ. ಈಗ ಅದು ಎಡಕ್ಕೂ ಹೋಗದು, ಬಲಕ್ಕೂ ಹೋಗದು, ಮೇಲೆದ್ದು ಬರುವುದೂ ಇಲ್ಲ. ಒಂದು ವೃತ್ತವನ್ನು ಪೂರ್ತಿ ಬಿಗಿಯುವ ವಿದ್ಯೆಯನ್ನು ಇದಕ್ಕಿಂತ ಚಂದವಾಗಿ ಮಾಡಿದ್ದನ್ನು ನಾನು ಯಾವ ಪರದೆಯ ಮೇಲೂ ನೋಡಿಲ್ಲ.

ಹಂಪಿಗೇ ಇನ್ನೊಮ್ಮೆ ಬರಬೇಕು, ಯಾಕೆಂದರೆ ಸಂಬಂಧಗಳನ್ನು ಹುಡುಕಿ ಬರೆಯುವ ಕೆಲಸ ಅಲ್ಲಿ ಇನ್ನೂ ಬೇಕಾದಷ್ಟಿದೆ. 1980ರ ದಶಕದಲ್ಲಿ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವಶೇಷಗಳ ಅಳತೆ ತೆಗೆಯುತ್ತ ಹೋದಾಗ ಹಜಾರರಾಮ ದೇವಸ್ಥಾನದ ಉತ್ತರ-ದಕ್ಷಿಣ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಮಾತಂಗ ಬೆಟ್ಟದ ನೆತ್ತಿಗೆ ಹೋಗುತ್ತದೆ ಎಂಬುದನ್ನು ಗುರುತಿಸಿದರು. ಗುಡಿ ಮತ್ತು ಬೆಟ್ಟ ಒಂದೇ ಗೆರೆಯಲ್ಲಿ! ಊರು ಕಟ್ಟಿದವರು ಹಾಕಿದ ಆ ಕನ್‌ಸ್ಟ್ರೇಂಟ್ ಶತಮಾನಗಳ ಹಾಳಿನ ನಂತರವೂ ಬಿಗಿಯಾಗಿಯೇ ಇತ್ತು. ಅದಾದ ಎಷ್ಟೋ ವರ್ಷಗಳ ಮೇಲೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹೆರಿಟೇಜ್ ಯೋಜನೆಯಲ್ಲಿ ದೇಶದ ದೊಡ್ಡ ಸಂಸ್ಥೆಗಳ ಜೊತೆಗೆ ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜೂ ಸೇರಿ ಹಂಪಿಯನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟುವ ಕೆಲಸ ನಡೆಯಿತು. ಲೇಸರ್ ಸ್ಕ್ಯಾನ್ ಲಕ್ಷಗಟ್ಟಲೆ ಬಿಂದುಗಳನ್ನು ತಂದುಕೊಡುತ್ತದೆ, ಪ್ರತಿ ಬಿಂದುವೂ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಈ ಕಂಬ ನೆಟ್ಟಗೆ ನಿಲ್ಲಬೇಕಾದದ್ದು, ಆ ಕಮಾನಿನ ಎಡ ಮತ್ತು ಬಲ ಒಂದೇ ಎಂಬುದು ಬಿಂದುಗಳಿಗೆ ಗೊತ್ತಿಲ್ಲ.

ಗಜಶಾಲೆಯನ್ನೇ ತೆಗೆದುಕೊಳ್ಳಿ. 11 ಕೋಣೆಗಳು, ನಡುವಿನದು ದೊಡ್ಡದು, ಅದರ ಆಚೀಚೆ ಐದೈದು. ಗುಮ್ಮಟಗಳು ಒಂದೇ ತರಹ ಇಲ್ಲ, ಬಗೆಬಗೆಯವು. ಆದರೆ ಎಡಗಡೆ ಯಾವ ಬಗೆಯ ಗುಮ್ಮಟವಿದೆಯೋ ನಡುವಿನಿಂದ ಅಷ್ಟೇ ದೂರದಲ್ಲಿ ಬಲಗಡೆ ಅದೇ ಬಗೆ. ಈ ಸಮ್ಮಿತಿಯನ್ನು ಬಲ್ಲ ಹುಡುಗಿಯೊಬ್ಬಳು ಅರ್ಧ ಕಟ್ಟಡ ಬಿಡಿಸಿ ನಡುಗೆರೆ ಹಿಡಿದು ಮಗುಚಿದರೆ ಇಡೀ ಕಟ್ಟಡ ಎದ್ದು ನಿಲ್ಲುತ್ತದೆ. ಎಲ್ಲೋ ಒಂದು ಕಡೆ ಗಾರೆ ಉದುರಿದ್ದರೆ ಇನ್ನೊಂದು ಕಡೆ ಅದರ ರೂಪ ಉಳಿದಿರುತ್ತದೆ.

ಹೊಸಪೇಟೆ, ಸಂಡೂರು, ಕಂಪ್ಲಿಯ ಐ.ಟಿ.ಐ., ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡ್ರಾಯಿಂಗ್ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಫ್ರೀಕ್ಯಾಡ್‌ಗೆ ದುಡ್ಡು ಕೊಡಬೇಕಾಗಿಲ್ಲ, ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಸಣ್ಣ ಸ್ಕೆಚ್‌ಗಳಿಗೆ ಸಾಕಾಗುತ್ತದೆ. ಮಕ್ಕಳಿಗೆ ಮೊದಲ ವಾರ ಡೈಮೆನ್ಷನ್ ಟೂಲನ್ನು ಮುಟ್ಟಿಸಬೇಡಿ. ಒಂದು ದಿನ ಪುಷ್ಕರಣಿಗೂ ಗಜಶಾಲೆಗೂ ಕರೆದುಕೊಂಡು ಹೋಗಿ, ಯಾವುದು ಯಾವುದಕ್ಕೆ ಸಮ, ಯಾವುದು ಯಾವುದಕ್ಕೆ ಸಮಾಂತರ, ಎಲ್ಲಿ ನಡುಗೆರೆ ಎಂದು ಬರೆದುಕೊಂಡು ಬರಲು ಹೇಳಿ. ಟೇಪು ಆಮೇಲೆ ಕೊಟ್ಟರೆ ಸಾಕು.